ಗ್ಯಾಸ್ ಹಾಕಿಸುವ ಮೊದಲು ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ವಾಹನ ಪುಟದಲ್ಲಿ ಬೇಸಿಗೆಗೆ ಕಾರಿನ ಎಸಿ ಸಿದ್ಧ ಮಾಡುವ ಬಗ್ಗೆ ಬಂದ ಲೇಖನ ಓದಿದೆ. ಬರೆದವರು ಓದಿಸಿಕೊಂಡು ಹೋಗುವಂತೆಯೇ ಬರೆದಿದ್ದಾರೆ. ಆದರೆ ಎರಡು ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ಒಂದು, ಕಾರು ತಂಪಾಗದಿದ್ದರೆ ಮೊದಲು ಗ್ಯಾಸ್ ಹಾಕಿಸಿ ಅನ್ನುವುದು. ಇನ್ನೊಂದು, ಹಳೇ ಕಾರಾದರೆ ಡ್ಯಾಶ್‌ಬೋರ್ಡಿಗೆ ಕೈ ಹಾಕುವ ಗೋಜಿಗೆ ಹೋಗಬೇಡಿ, ಎಸಿ ಕಂಟ್ರೋಲನ್ನು ಪೂರ್ತಿ ಬದಲಿಸಿಬಿಡಿ ಅನ್ನುವುದು. ಬದಲಿಸಬೇಕಾದರೂ ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕು ಅಲ್ವಾ? ಬಿಚ್ಚಿದ ಮೇಲೆ ಒಳಗೆ ಏನಾಗಿದೆ ಅಂತ ಒಮ್ಮೆ ಇಣುಕಿ ನೋಡಲು ಏನು ಕಷ್ಟ?

ನಾನು ಉಪ್ಪಳದಲ್ಲಿ ಕಾರ್ ಎಸಿ ಮತ್ತು ವಯರಿಂಗ್ ಕೆಲಸ ಮಾಡುವವನು. ಅದಕ್ಕೆ ಮೊದಲು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳಲ್ಲಿದ್ದೆ. ಅಲ್ಲಿ ಎಸಿ ಹೋದ ಕಾರನ್ನು ಯಾರೂ ನಾಳೆಗೆ ಅಂತ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಜಪಾನ್, ಜರ್ಮನಿ, ಅಮೆರಿಕದ ಎಷ್ಟೋ ಹಳೇ ಸ್ಪೋರ್ಟ್ಸ್ ಕಾರುಗಳ ಡ್ಯಾಶ್‌ಬೋರ್ಡಿನೊಳಗೆ ತಲೆ ತೂರಿಸಿ ಕೂತು ಕೆಲಸ ಕಲಿತೆ. ಊರಿಗೆ ಬಂದ ಮೇಲೆ ಅಂಥ ಕಾರು ಅಪರೂಪ. ಇಲ್ಲಿ ಆಲ್ಟೊ, ಸ್ವಿಫ್ಟ್, ಇನೋವಾ, ಆಮೇಲೆ ಎಲ್ಲರಿಗೂ ಒಂದೇ ಮಾತು: "ಅಣ್ಣ, ಗ್ಯಾಸ್ ಖಾಲಿ ಆಗಿರ್ಬೇಕು, ಸ್ವಲ್ಪ ಹಾಕಿ."

ಇತ್ತೀಚೆಗೆ ಪೆರ್ಲದ ಕಡೆಯ ಒಬ್ಬ ಅಡಿಕೆ ಕೃಷಿಕರು ಒಂದು ಮಜ್ದಾ ಎಂಎಕ್ಸ್-5 ತಂದರು. ಅವರ ಅಣ್ಣ ಇಂಗ್ಲೆಂಡಿನಲ್ಲಿ ಡಾಕ್ಟರ್ ಆಗಿದ್ದವರು, ಊರಿಗೆ ಮರಳುವಾಗ ತಂದ ಕಾರು. 1992ರ ಮಾಡೆಲ್, 1.6 ಲೀಟರ್ ಇಂಜಿನ್, ಇಬ್ಬರೇ ಕೂರುವಂಥದ್ದು, ಮೇಲಿನ ಬಟ್ಟೆಯ ಟಾಪ್ ಮಡಚಬಹುದು, ಸ್ವಿಚ್ ಒತ್ತಿದರೆ ಹೆಡ್‌ಲೈಟ್ ಎದ್ದು ನಿಲ್ಲುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಕಾರು ಮೊದಲು ಜನರ ಮುಂದೆ ಬಂದದ್ದು 1989ರಲ್ಲಿ, ಶಿಕಾಗೊ ಮೋಟಾರ್ ಪ್ರದರ್ಶನದಲ್ಲಿ. ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಅಂತ ಮಾರಿದರು. 2016ರ ಏಪ್ರಿಲ್ ಹೊತ್ತಿಗೆ ಎಲ್ಲ ತಲೆಮಾರು ಸೇರಿ 10 ಲಕ್ಷ ಕಾರು ತಯಾರಾಗಿತ್ತು. ಟಾಪ್ ಮಡಚುವ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೆ ಇಲ್ಲ.

ಟಾಪ್ ಮಡಚುವ ಕಾರಿಗೆ ಎಸಿ ಯಾಕೆ ಅಂತ ಕೇಳುವವರು ಏಪ್ರಿಲ್ ಮಧ್ಯಾಹ್ನ ಕುಂಬಳೆ ಪೇಟೆಯ ಟ್ರಾಫಿಕ್ ಬ್ಲಾಕ್‌ನಲ್ಲಿ ಅದರೊಳಗೆ ಕೂತು ನೋಡಬೇಕು.

ಅವರ ಕಾರಿನಲ್ಲಿ ತೊಂದರೆ ಎರಡು. ಎಸಿ ಹಾಕಿದರೆ ಗಾಳಿ ಉಗುರು ಬೆಚ್ಚಗೆ ಬರುತ್ತದೆ. ಫ್ಯಾನ್ ಬರೀ ಫುಲ್ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆ, ಒಂದು, ಎರಡು, ಮೂರರಲ್ಲಿ ಸುಮ್ನೆ ಇರುತ್ತದೆ. ಅವರು ಮೊದಲು ಹೋದದ್ದು ಪಟ್ಟಣದ ಒಂದು ದೊಡ್ಡ ವರ್ಕ್‌ಶಾಪಿಗೆ. ಅಲ್ಲಿ ಗ್ಯಾಸ್ ಹಾಕಿದರು. ತಂಪಾಗಲಿಲ್ಲ. ಮತ್ತೆ ಹಾಕಿದರು. ಆಮೇಲೆ, ಇದರ ಕಂಟ್ರೋಲ್ ಯೂನಿಟ್ ಹೋಗಿದೆ, ಹೊರದೇಶದಿಂದ ತರಿಸಬೇಕು, ಎಲ್ಲ ಸೇರಿ 65,000 ರೂಪಾಯಿ ಆಗುತ್ತದೆ ಅಂದರಂತೆ. ಅಷ್ಟು ಬೇಡ ಅನ್ನಿಸಿದರೆ ಡ್ಯಾಶ್‌ಬೋರ್ಡ್ ಕತ್ತರಿಸಿ ಬೇರೆ ಕಾರಿನ ಯೂನಿಟ್ ಕೂರಿಸಿಕೊಡುತ್ತೇವೆ ಅಂತಲೂ ಹೇಳಿದರಂತೆ. ಕತ್ತರಿಸುವುದು! ಮೂವತ್ತು ವರ್ಷ ಬಿರುಕು ಬಿಡದೆ ಉಳಿದ ಡ್ಯಾಶ್‌ಬೋರ್ಡನ್ನು!

"ಗ್ಯಾಸ್ ಹಾಕಿ ಹಾಕಿ ಸಾಕಾಯ್ತು ಮಾರಾಯ್ರೆ, ನೀವೊಂದು ಸಲ ನೋಡಿ, ಆಗದಿದ್ದರೆ ಶೆಡ್ಡಿನಲ್ಲಿಟ್ಟು ಬಟ್ಟೆ ಹೊದೆಸಿಬಿಡ್ತೇನೆ" ಅಂದರು.

ನಾನು ಮಾಡಿದ ಮೊದಲ ಕೆಲಸಕ್ಕೆ ಒಂದು ಸ್ಪ್ಯಾನರ್ ಕೂಡ ಬೇಕಾಗಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿ, ಎಸಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಬಾನೆಟ್ ಎತ್ತಿ ಒಳಗೆ ಹೋಗುವ ಎರಡು ಪೈಪ್ ಮುಟ್ಟಿದೆ. ಡ್ಯಾಶ್‌ಬೋರ್ಡಿನೊಳಗೆ ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್‌ಗೆ ಹೋಗುವ ತೆಳು ಪೈಪ್ ಬೆಚ್ಚಗಿರಬೇಕು, ಅಲ್ಲಿಂದ ಹೊರಗೆ ಬರುವ ದಪ್ಪ ಪೈಪ್ ತಣ್ಣಗಿದ್ದು ಮೈಮೇಲೆ ನೀರು ಬೆವರಬೇಕು. ಈ ಕಾರಿನಲ್ಲಿ ದಪ್ಪ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂದರೆ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಸರಿ ಇದೆ, ಗ್ಯಾಸ್ ಇದೆ, ಕಾಯಿಲ್ ತಂಪಾಗುತ್ತಿದೆ. ತಂಪು ಹುಟ್ಟುತ್ತಿದೆ, ಆದರೆ ಕೂತವರ ಮುಖಕ್ಕೆ ಬರುವುದರೊಳಗೆ ಎಲ್ಲೋ ಕೆಡುತ್ತಿದೆ. ಇದನ್ನು ಯಾರು ಬೇಕಾದರೂ ನೋಡಬಹುದು. ಬೆಲ್ಟಿನ ಹತ್ತಿರ ಕೈ ಒಯ್ಯಬಾರದು, ಕಂಪ್ರೆಸರಿನಿಂದ ಕಾರಿನ ಮುಂಭಾಗದ ಕಂಡೆನ್ಸರಿಗೆ (ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಹೋಗುವ ಪೈಪ್ ಮುಟ್ಟಬಾರದು, ಸುಡುತ್ತದೆ. ಅಷ್ಟೇ ಎಚ್ಚರ.

ಗ್ಯಾಸ್ ಬಗ್ಗೆ ನಿಮ್ಮ ಲೇಖನದಲ್ಲಿ ಬರೆಯಬೇಕಿದ್ದ ಮಾತು ಬೇರೆ ಇದೆ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಓಡಿದಷ್ಟು ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೇ ಸುತ್ತುತ್ತದೆ. ತುಂಬ ವರ್ಷದಲ್ಲಿ ಹೋಸ್, ಸೀಲ್‌ಗಳಿಂದ ಸ್ವಲ್ಪ ಸ್ವಲ್ಪ ಸೋರುವುದು ಇದ್ದದ್ದೇ. ಆದರೆ ಪ್ರತಿ ಬೇಸಿಗೆಗೆ ಗ್ಯಾಸ್ ಬೇಕು ಅಂದರೆ ಎಲ್ಲೋ ಲೀಕ್ ಇದೆ, ಅದನ್ನು ಹುಡುಕದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹಾಕಿದ ಹಾಗೆ. ಜಾಸ್ತಿ ಹಾಕಿದರೂ ತಂಪು ಕಡಿಮೆಯೇ ಆಗುತ್ತದೆ, ಒಳಗಿನ ಪ್ರೆಶರ್ ಏರಿ ಕಂಪ್ರೆಸರಿಗೆ ಪೆಟ್ಟು. ಹೊರಗೆ ಹೋದ ಗ್ಯಾಸ್ ಗಾಳಿಗೂ ಒಳ್ಳೆಯದಲ್ಲ. ಈಗಿನ ಎಷ್ಟೋ ಕಾರುಗಳಲ್ಲಿರುವ ಆರ್-134ಎ ಗ್ಯಾಸ್ 100 ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ.

ಹಳೇ ಕಾರಾದರೆ ಇನ್ನೊಂದು ತೊಡಕು. ತೊಂಬತ್ತರ ದಶಕದ ಮೊದಲ ವರ್ಷಗಳ ಕಾರುಗಳು ಆರ್-12 ಗ್ಯಾಸಿಗೆ ಮಾಡಿದವು. ಓಝೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನು ಹಂತ ಹಂತವಾಗಿ ನಿಲ್ಲಿಸಿದರು. ನಮ್ಮಂಥ ದೇಶಗಳಿಗೆ ಕೊಟ್ಟ ಕೊನೆಯ ಗಡುವು 2010ರ ಜನವರಿ 1. ಆರ್-12ಗೆ ಬಳಸುವ ಎಣ್ಣೆ ಬೇರೆ, ಆರ್-134ಎಗೆ ಬೇರೆ, ಗ್ಯಾಸ್ ತುಂಬುವ ನಿಪ್ಪಲ್ ಕೂಡ ಬೇರೆ. ಈ ಕಾರನ್ನು ಯಾರೋ ಮೊದಲೇ ಆರ್-134ಎಗೆ ಸರಿಯಾಗಿ ಬದಲಿಸಿದ್ದರು, ಬಚಾವ್. ಅದು ಗೊತ್ತಿಲ್ಲದೆ ಸಿಕ್ಕ ಗ್ಯಾಸ್ ತುಂಬಿಸಿದರೆ ಕಂಪ್ರೆಸರ್ ಜಾಮ್ ಆಗಲು ತುಂಬ ದಿನ ಬೇಡ. ಮೊದಲು ಗ್ಯಾಸ್ ಹಾಕಿಸಿ ಅಂತ ಪೇಪರಿನಲ್ಲಿ ಬರೆಯುವಾಗ ಇದನ್ನೂ ಸೇರಿಸಬೇಕಿತ್ತು.

ಈಗ ಡ್ಯಾಶ್‌ಬೋರ್ಡ್. ಜನ ಹೆದರುವುದೂ ಇಲ್ಲೇ, ಮೆಕ್ಯಾನಿಕ್‌ಗಳು ಜಾರಿಕೊಳ್ಳುವುದೂ ಇಲ್ಲೇ.

ಈ ಕಾರಿನ ಎಸಿ ಕಂಟ್ರೋಲಿನಲ್ಲಿ ಕಂಪ್ಯೂಟರ್ ಇಲ್ಲ. ಗಾಳಿ ಎಲ್ಲಿಗೆ ಬರಬೇಕು, ಎಷ್ಟು ತಣ್ಣಗೆ ಬರಬೇಕು, ಹೊರಗಿನದೋ ಒಳಗಿನದೋ, ಈ ಮೂರನ್ನೂ ನಡೆಸುವುದು ಮೂರು ಕೇಬಲ್. ಸೈಕಲ್ ಬ್ರೇಕಿನಲ್ಲಿ ಇರುತ್ತದಲ್ಲ, ಹೊರಗೆ ಕವಚ, ಒಳಗೆ ತಂತಿ, ಅಂಥದ್ದೇ. ಲಿವರ್ ಸರಿಸಿದರೆ ತಂತಿಯು ಗಾಳಿ ಹಾದು ಬರುವ ಡಬ್ಬದೊಳಗಿನ ಒಂದು ಫ್ಲ್ಯಾಪನ್ನು, ಅಂದರೆ ಸಣ್ಣ ಬಾಗಿಲನ್ನು, ತಿರುಗಿಸುತ್ತದೆ. ಬಿಸಿನೀರು ಓಡುವ ಹೀಟರ್ ಕಾಯಿಲ್ ಸಹ ಅದೇ ಡಬ್ಬದೊಳಗೆ ಇದೆ. ಫ್ಲ್ಯಾಪ್ ಪೂರ್ತಿ ಒಂದು ಕಡೆ ಮುಚ್ಚಿದರೆ ಗಾಳಿ ಹೀಟರಿಗೆ ತಾಗದೆ ಬರುತ್ತದೆ. ನಡುವೆ ನಿಂತರೆ ತಣ್ಣಗಾದ ಗಾಳಿ ಮತ್ತೆ ಬಿಸಿಯಾಗಿ ಬರುತ್ತದೆ. ಟೆಂಪರೇಚರ್ ಲಿವರ್ ಆಚೀಚೆ ಆಡಿಸಿದೆ. ಬೆಣ್ಣೆಯಲ್ಲಿ ಆಡಿದಷ್ಟು ಸಲೀಸು. ಅಷ್ಟು ಸಲೀಸು ಇರಬಾರದು.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದೆ. ಏರ್‌ಬ್ಯಾಗ್ ಇರುವ ಕಾರಾದರೆ ಇದು ಬಿಡಲೇಬಾರದ ಕೆಲಸ. ತೆಗೆದ ಮೇಲೂ ಕಂಪನಿ ಹೇಳಿದಷ್ಟು ಹೊತ್ತು ಕಾಯಬೇಕು, ಯಾಕೆಂದರೆ ಏರ್‌ಬ್ಯಾಗಿನ ಸರ್ಕ್ಯೂಟಿನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಏರ್‌ಬ್ಯಾಗಿನ ವಯರ್ ಜೋಡಿಸುವ ಹಳದಿ ಬಣ್ಣದ ಕಪ್ಲರ್ ಕಂಡರೆ ಅದಕ್ಕೆ ಟೆಸ್ಟ್ ಲ್ಯಾಂಪ್, ಮೀಟರ್ ಏನೂ ತಾಗಿಸಬಾರದು. ಈ ವಿಷಯದಲ್ಲಿ ಧೈರ್ಯ ತೋರಿಸುವುದು ದಡ್ಡತನ.

ಮೊದಲು ಗೇರ್ ಹತ್ತಿರದ ಕನ್ಸೋಲ್ ಬರಬೇಕು. ಗೇರ್ ನಾಬ್ ತಿರುಗಿಸಿ ತೆಗೆದು, ಸ್ಕ್ರೂ ಬಿಚ್ಚಿ, ಹ್ಯಾಂಡ್ ಬ್ರೇಕ್ ಎಳೆದು ಹಿಂದಕ್ಕೆ ಎತ್ತಿದರೆ ಅದು ಹೊರಗೆ. ಅದರ ಮೇಲಿರುವುದು ಸ್ಟೀರಿಯೊ, ಎಸಿ ಲಿವರ್ ಎಲ್ಲ ಇರುವ ಉದ್ದ ಪ್ಯಾನೆಲ್. ಕೆಳಗಿನ ಎರಡು ಸ್ಕ್ರೂ ಕಣ್ಣಿಗೆ ಕಾಣುತ್ತವೆ. ಮೇಲಿನ ಎರಡು ಕಾಣುವುದಿಲ್ಲ. ಗಾಳಿ ಬರುವ ಎರಡು ಉರುಟು ವೆಂಟ್ ಇದೆಯಲ್ಲ, ಅವುಗಳ ಹಿಂದೆ ಅಡಗಿವೆ. ಗೊತ್ತಿಲ್ಲದವರು ಕೆಳಗಿನ ಸ್ಕ್ರೂ ತೆಗೆದು ಎಳೆಯುತ್ತಾರೆ, ಪ್ಯಾನೆಲ್ ಮೇಲ್ಭಾಗದಲ್ಲಿ ಚಟ್ ಅನ್ನುತ್ತದೆ, ಆಮೇಲೆ ಫೆವಿಕ್ವಿಕ್ ಹುಡುಕುತ್ತಾರೆ.

ಆ ವೆಂಟ್ ತೆಗೆಯುವುದು ಇಡೀ ಕೆಲಸದಲ್ಲಿ ನಾಜೂಕಿನ ಜಾಗ. ಕಾರನ್ನು ಬೆಳಿಗ್ಗೆಯಿಂದ ಬಿಸಿಲಿಗೆ ಇಟ್ಟಿದ್ದೆ. ಬಿಸಿ ತಾಗಿದ ಪ್ಲಾಸ್ಟಿಕ್ ಸ್ವಲ್ಪ ಬಗ್ಗುತ್ತದೆ, ತಣ್ಣಗಿದ್ದದ್ದು ಮುರಿಯುತ್ತದೆ. ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಸ್ಕ್ರೂಡ್ರೈವರ್ ಇಲ್ಲಿ ಶತ್ರು, ಅದರ ತುದಿ ಕಚ್ಚಿದ ಗುರುತು ಹೋಗುವುದೇ ಇಲ್ಲ. ಹಳೇ ಎಟಿಎಂ ಕಾರ್ಡನ್ನು ವೆಂಟಿನ ಅಂಚಿಗೆ ತೂರಿಸಿ ಒಳಗಿನ ಲಾಕ್ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ವೆಂಟಿನ ಪಟ್ಟಿಗಳ ನಡುವೆ ಹಾಕಿ ಮೆಲ್ಲ ಮುಂದಕ್ಕೆ ಎಳೆದೆ. ಒಂದು ಬದಿ ಬಂತು. ಇನ್ನೊಂದು ಬದಿ ಹಟ ಹಿಡಿಯಿತು. ಅಲ್ಲಿ ಅವಸರ ಮಾಡಬಾರದು, ಕಾರ್ಡ್ ತಿರುಗಿಸಿ ಆ ಕಡೆಯ ಲಾಕ್ ಹುಡುಕಬೇಕು. ಟುಪ್ ಅಂತ ಪೂರ್ತಿ ಉಂಡೆ ಕೈಗೆ ಬಂತು. ಅದರ ಹಿಂದೆ, ಮೂವತ್ತು ವರ್ಷದ ಧೂಳಿನೊಳಗೆ, ಆ ಸ್ಕ್ರೂ.

ತೆಗೆದ ಸ್ಕ್ರೂಗಳನ್ನು ನಾನು ಅಡಿಕೆ ಹಾಳೆಯ ಬಟ್ಟಲುಗಳಲ್ಲಿ ಹಾಕುತ್ತೇನೆ. ಒಂದು ಪ್ಯಾನೆಲಿಗೆ ಒಂದು ಬಟ್ಟಲು, ಬದಿಯಲ್ಲಿ ಪೆನ್ನಿನಲ್ಲಿ ಹೆಸರು. ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದವರ ಕಾರಿನಲ್ಲೇ ಮುಂದೆ ಕಿರಕಿರ ಶಬ್ದ ಬರುವುದು. ಗಿಡ್ಡ ಸ್ಕ್ರೂ ಇರಬೇಕಾದಲ್ಲಿ ಉದ್ದದ್ದು ಹೋಗಿ ವಯರಿಗೆ ಚುಚ್ಚಿದ್ದನ್ನೂ ನೋಡಿದ್ದೇನೆ. ಡ್ಯಾಶ್ ಒಮ್ಮೆ ಬಿಚ್ಚಿದರೆ ಮೊದಲಿನ ಹಾಗೆ ಕೂರುವುದಿಲ್ಲ ಅನ್ನುವ ಮಾತು ಬಂದದ್ದು ಇಂಥವರಿಂದ. ಕಂಪನಿಯಲ್ಲಿ ಕೂರಿಸಿದವರೂ ಕೈಯಿಂದಲೇ ಕೂರಿಸಿದ್ದು.

ಪ್ಯಾನೆಲನ್ನು ಒಮ್ಮೆಲೇ ಎಳೆಯುವ ಹಾಗಿಲ್ಲ. ಹಜಾರ್ಡ್ ಸ್ವಿಚ್, ಹೆಡ್‌ಲೈಟ್ ಎತ್ತುವ ಸ್ವಿಚ್, ಸಿಗರೇಟ್ ಲೈಟರ್, ಇವುಗಳ ಕಪ್ಲರ್ ಹಿಂದಿನಿಂದ ಹಿಡಿದಿರುತ್ತವೆ. ವಯರ್ ಹಿಡಿದು ಎಳೆಯದೆ ಕಪ್ಲರಿನ ಲಾಕ್ ಒತ್ತಿ ತೆಗೆಯಬೇಕು. ನಮ್ಮ ಕಡಲ ಕರೆಯ ಗಾಳಿಗೆ ಕಪ್ಲರಿನೊಳಗಿನ ಪಿನ್ ಹಸಿರು ಹಿಡಿದಿರುತ್ತದೆ, ಇದರಲ್ಲೂ ಹಾಗೇ. ಬಿಚ್ಚಿದ್ದೇ ಲಾಭ, ಎಲ್ಲವನ್ನೂ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ.

ಕಂಟ್ರೋಲ್ ಯೂನಿಟ್ ಕೈಗೆ ಬಂದಾಗ ವಿಷಯ ತಿಳಿಯಿತು. ಟೆಂಪರೇಚರ್ ಕೇಬಲಿನ ತಂತಿ ಸರಿ ಇತ್ತು. ಕವಚವನ್ನು ಯೂನಿಟ್ಟಿಗೆ ಬಿಗಿಯಾಗಿ ಹಿಡಿಯುವ ಕ್ಲಿಪ್ ಇರಲಿಲ್ಲ. ಯಾರೋ ಹೊಸ ಸ್ಟೀರಿಯೊ ಕೂರಿಸುವಾಗ ಕೈ ತಾಗಿ ಹಾರಿರಬೇಕು. ಕವಚ ನಿಲ್ಲದಿದ್ದರೆ ಲಿವರ್ ಎಳೆದಾಗ ತಂತಿಯ ಜೊತೆ ಕವಚವೂ ಸರಿಯುತ್ತದೆ, ಫ್ಲ್ಯಾಪ್ ಇದ್ದಲ್ಲೇ ಇರುತ್ತದೆ. ಒಂದು ಸ್ಪ್ರಿಂಗ್ ಕ್ಲಿಪ್. ಅದೇ 65,000 ರೂಪಾಯಿಯ ಕಾಯಿಲೆ. ನನ್ನ ಹಳೇ ಸಾಮಾನಿನ ಡಬ್ಬದಲ್ಲಿ ಅಳತೆಗೆ ಹೊಂದುವುದು ಸಿಕ್ಕಿತು. ಲಿವರನ್ನು ಪೂರ್ತಿ ಕೋಲ್ಡ್ ಕಡೆಗೆ ಇಟ್ಟು, ಫ್ಲ್ಯಾಪನ್ನೂ ಕೈಯಿಂದ ಅದೇ ಕೊನೆಗೆ ತಳ್ಳಿ ಹಿಡಿದು, ಆಮೇಲೆ ಕ್ಲಿಪ್ ಒತ್ತಿದೆ. ಈ ಕ್ರಮ ತಪ್ಪಿದರೆ ಲಿವರ್ ಕೊನೆಗೆ ಹೋದರೂ ಫ್ಲ್ಯಾಪ್ ಒಂದು ಬೆರಳು ತೆರೆದೇ ಇರುತ್ತದೆ.

ಫ್ಯಾನಿನ ಕಥೆ ಸುಲಭ. ಕಡಿಮೆ ಸ್ಪೀಡುಗಳಲ್ಲಿ ಕರೆಂಟ್ ಅದನ್ನು ಕಡಿಮೆ ಮಾಡುವ ಒಂದು ರೆಸಿಸ್ಟರ್ ಮೂಲಕ ಹೋಗುತ್ತದೆ, ಫುಲ್ ಸ್ಪೀಡಿನಲ್ಲಿ ಅದನ್ನು ಬಿಟ್ಟು ನೇರ ಹೋಗುತ್ತದೆ. ಹಾಗಾಗಿ ಫುಲ್ ಮಾತ್ರ ಓಡುತ್ತದೆ ಅಂದರೆ ಮೋಟಾರ್ ಸರಿ ಇದೆ, ಮೊದಲು ಸಂಶಯ ಪಡಬೇಕಾದ್ದು ರೆಸಿಸ್ಟರನ್ನು. ಇದು ಆಲ್ಟೊಗೂ ಅಷ್ಟೇ, ಮಜ್ದಾಗೂ ಅಷ್ಟೇ. ಅದನ್ನು ಬ್ಲೋವರಿನ, ಅಂದರೆ ಆ ಫ್ಯಾನಿನ, ಗಾಳಿಯ ದಾರಿಯಲ್ಲೇ ಇಟ್ಟಿರುತ್ತಾರೆ, ಗಾಳಿ ತಾಗಿ ತಣ್ಣಗಾಗಲಿ ಅಂತ. ಈ ಕಾರಿಗೆ ಈಗಿನವುಗಳ ಹಾಗೆ ಕ್ಯಾಬಿನ್ ಫಿಲ್ಟರ್ ಇಲ್ಲ. ತೋಟದ ಮನೆಯ ಅಂಗಳದ ಹಲಸಿನ ಎಲೆ ಚೂರು, ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66 ಅಗಲ ಮಾಡುವಾಗ ಎದ್ದ ಕೆಂಪು ಧೂಳು, ಎಲ್ಲ ಅಲ್ಲಿಗೇ ಹೋಗಿ ಕೂತಿತ್ತು. ಗಾಳಿ ಕಟ್ಟಿದರೆ ರೆಸಿಸ್ಟರ್ ಸುಡದೆ ಇನ್ನೇನು? ಗ್ಲೋವ್ ಬಾಕ್ಸ್ ತೆಗೆದು ಬ್ಲೋವರ್ ಕ್ಲೀನ್ ಮಾಡಿ ಬೇರೆ ರೆಸಿಸ್ಟರ್ ಹಾಕಿದೆ.

ಎಲ್ಲ ಹಳೇ ಕಾರೂ ಇಷ್ಟು ಸರಳ ಅಂತ ನಾನು ಹೇಳುತ್ತಿಲ್ಲ. ಡಿಜಿಟಲ್ ಕಂಟ್ರೋಲ್ ಇರುವ ಕಾರುಗಳಲ್ಲಿ ಬೋರ್ಡಿನ ಮೇಲಿನ ಕೆಪಾಸಿಟರ್ ಸೋರುತ್ತದೆ, ಬೆಸುಗೆ ಬಿರುಕು ಬಿಡುತ್ತದೆ. ಕೆಲವು ಜರ್ಮನ್ ಕಾರುಗಳಲ್ಲಿ ಫ್ಲ್ಯಾಪ್ ನಡೆಸುವುದು ವ್ಯಾಕ್ಯೂಮ್ (ಗಾಳಿ ಹೀರುವ ಬಲ), ಅದರ ರಬ್ಬರ್ ಹರಿದರೆ ಇಡೀ ಡ್ಯಾಶ್ ಇಳಿಸಬೇಕಾಗುತ್ತದೆ, ದಿನಗಟ್ಟಲೆ ಕೆಲಸ. ಆದರೆ ಅಲ್ಲಿ ಕೂಡ ಕೆಟ್ಟಿರುವುದು ಸಾಮಾನ್ಯವಾಗಿ ಒಂದು ಸಣ್ಣ ತುಂಡು. ಟಿವಿ ರಿಪೇರಿ ಮಾಡುವ ಹುಡುಗನ ಹತ್ತಿರ ಬೋರ್ಡ್ ಕೊಟ್ಟರೆ ಕೆಪಾಸಿಟರ್ ಬದಲಿಸಿ ಕೊಡುತ್ತಾನೆ.

ಹಾಗಾದರೆ ಎಲ್ಲರೂ ಯೂನಿಟ್ ಪೂರ್ತಿ ಬದಲಿಸಿ ಅನ್ನುವುದು ಯಾಕೆ? ಕ್ಲಿಪ್, ಕೇಬಲ್, ನಾಬ್ ಇವನ್ನು ಬಿಡಿಬಿಡಿಯಾಗಿ ಕೇಳಿದರೆ ಕೌಂಟರಿನಲ್ಲಿ ಸಿಗುವುದಿಲ್ಲ. ಅಸೆಂಬ್ಲಿ, ಅಂದರೆ ಪೂರ್ತಿ ಸೆಟ್, ಮಾತ್ರ ಇದೆ ಅನ್ನುತ್ತಾರೆ. ಯಾವ ಸ್ಕ್ರೂ ಎಲ್ಲಿದೆ ಅನ್ನುವ ಚಿತ್ರ ಹೊರಗಿನ ಮೆಕ್ಯಾನಿಕ್‌ಗೆ ಕೊಡುವುದಿಲ್ಲ. ಇದು ಸ್ಪೋರ್ಟ್ಸ್ ಕಾರಿನ ಶ್ರೀಮಂತರ ಗೋಳು ಮಾತ್ರ ಅಲ್ಲ, ಬಾಡಿಗೆ ಓಡಿಸುವವರ ಗೋಳೂ ಇದೇ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ (ಕೊಂಡ ವಸ್ತುವನ್ನು ಬೇಕಾದವರ ಹತ್ತಿರ ರಿಪೇರಿ ಮಾಡಿಸಿಕೊಳ್ಳುವ ಹಕ್ಕು) ಬಗ್ಗೆ ಒಂದು ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ರಂದು ಒಂದು ಪೋರ್ಟಲ್ಲನ್ನೂ ತೆರೆಯಿತು. ಮೊಬೈಲ್, ಮನೆಯ ಮಿಶಿನುಗಳು, ಕೃಷಿ ಯಂತ್ರಗಳ ಜೊತೆ ವಾಹನಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ಒಳ್ಳೆಯದೇ. ಆದರೆ ಪೋರ್ಟಲಿನಲ್ಲಿ ಕಂಪನಿಯ ಹೆಸರು ಇದ್ದರೆ ಸಾಕಾ? ಐದು ರೂಪಾಯಿಯ ಕ್ಲಿಪ್ ಐದು ರೂಪಾಯಿಗೆ ಸಿಗಬೇಕು. ಅದನ್ನು ಕೇಳುವ ಲೇಖನ ನಿಮ್ಮ ಪೇಪರಿನಲ್ಲಿ ಬರಲಿ.

ನನ್ನ ಹತ್ತಿರ ಕೆಲಸಕ್ಕೆ ಬರುವ ಹುಡುಗರು ಪೈವಳಿಕೆ, ಮೀಯಪದವು ಕಡೆಯವರು, ಕನ್ನಡ ಶಾಲೆಯಲ್ಲಿ ಕಲಿತವರು. ಚಿತ್ರ ಬಿಡಿಸಿ ಎರಡು ಸಾಲು ಕನ್ನಡದಲ್ಲಿ ಬರೆದುಕೊಟ್ಟರೆ ಎಂಥ ಪ್ಯಾನೆಲನ್ನೂ ಗೀರು ಬೀಳದ ಹಾಗೆ ತೆಗೆಯುತ್ತಾರೆ. ನಿಮ್ಮ ವಾಹನ ಪುಟವನ್ನು ಅವರು ತಪ್ಪದೆ ಓದುತ್ತಾರೆ. ಅದರಲ್ಲಿ ಡ್ಯಾಶ್‌ಬೋರ್ಡಿಗೆ ಕೈ ಹಾಕಬೇಡಿ ಅಂತ ಬಂದರೆ ನಾನು ಕಲಿಸಿದ್ದು ಯಾರಿಗೆ ಬೇಕು?

ಅದಕ್ಕೆ ಕೇಳಿಕೊಳ್ಳುತ್ತೇನೆ. ಮುಂದಿನ ವಾರಗಳಲ್ಲಿ ಸೆಕೆ ಇನ್ನೂ ಏರುತ್ತದೆ, ಜನ ಎಸಿ ಅಂತ ಸಾಲು ನಿಲ್ಲುತ್ತಾರೆ. ಅಷ್ಟರೊಳಗೆ ಗ್ಯಾಸ್ ಹಾಕಿಸುವ ಮೊದಲು ಏನು ನೋಡಬೇಕು ಅಂತ ಒಂದು ತಿದ್ದುಪಡಿ ಬರಹ ಹಾಕಿ. ವೆಂಟ್ ತೆಗೆಯುವುದರಿಂದ ಕ್ಲಿಪ್ ಕೂರಿಸುವವರೆಗೆ ನನ್ನ ಫೋನಿನಲ್ಲಿ ಫೋಟೊಗಳಿವೆ, ಕಾರಿನ ಯಜಮಾನರೂ ಹಾಕಿಕೊಳ್ಳಿ ಅಂದಿದ್ದಾರೆ, ಕಳಿಸಿಕೊಡುತ್ತೇನೆ. ಜಾಗ ಕಡಿಮೆ ಅಂತ ಫೋಟೊ ಬಿಟ್ಟರೂ ಪರವಾಗಿಲ್ಲ, ಎರಡು ಪೈಪ್ ಮುಟ್ಟಿ ನೋಡಿ ಅನ್ನುವ ಸಾಲು ಮಾತ್ರ ಬಿಡಬೇಡಿ.

ಇತಿ,
ನಿಮ್ಮ ಹಳೇ ಓದುಗ, ಕಾರ್ ಎಸಿ ಮೆಕ್ಯಾನಿಕ್
ಉಪ್ಪಳ, ಕಾಸರಗೋಡು ಜಿಲ್ಲೆ